ಗೇಟಿನಲ್ಲಿ ನಿಂತವರಿಗೆ ಮಾತಾಡಲು ಬಿಡಿ: ಬಿಸಿಲೆ ರಸ್ತೆಯಿಂದ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಜಿಲ್ಲಾಡಳಿತಕ್ಕೆ, ಹೆತ್ತೂರು ಸೀಮೆಯ ನಿವೃತ್ತ ಮೇಷ್ಟ್ರೊಬ್ಬನ ನಮಸ್ಕಾರಗಳು.

ಮಾನ್ಯರೆ,

ಹೋದ ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ಪಶ್ಚಿಮ ಘಟ್ಟದ ಅಂಚಿನ ಬಿಸಿಲೆ ವ್ಯೂ ಪಾಯಿಂಟಿನಲ್ಲಿ ಆರೇಳು ವರ್ಷದ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. "ಅಂಕಲ್, ಹಾಗಾದ್ರೆ ಅಮ್ಮ ಹಕ್ಕಿ ಟಾಯ್ಲೆಟ್ಟಿಗೆ ಎಲ್ಲಿಗೆ ಹೋಗುತ್ತೆ?" ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಯಾವ ಮಗುವೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದು ನನ್ನನ್ನಲ್ಲ, ಅಲ್ಲಿ ನಿಂತಿದ್ದ ಫಾರೆಸ್ಟ್ ವಾಚರನ್ನು. ಉತ್ತರ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಆದದ್ದಿಷ್ಟು. ನಿವೃತ್ತಿಯಾದ ಮೇಲೆ ಮನೆಯ ಪಕ್ಕದ ಎರಡು ಕೋಣೆಗೆ ಸುಣ್ಣಬಣ್ಣ ಮಾಡಿಸಿ, ಹೋಮ್‌ಸ್ಟೇ ಎಂದು ಬೋರ್ಡು ಹಾಕಿ ಕೂತವರು ನಾವು. ಕಾಫಿಗೆ ಬೆಲೆ ಬಂದ ವರ್ಷ ಕಾಫಿ ನಂಬಿಕೊಂಡು, ಬಾರದ ವರ್ಷ ಬೆಂಗಳೂರಿನವರನ್ನು ನಂಬಿಕೊಂಡು ಸಂಸಾರ ನಡೆದಿದೆ. ಅವತ್ತು ಬಂದಿದ್ದ ಎರಡು ಕುಟುಂಬಗಳನ್ನು ಬಿಸಿಲೆಗೆ ಕರೆದುಕೊಂಡು ಹೋಗಿದ್ದೆ. ಇಳಿದವರೇ ಕಾರಿನ ನಾಲ್ಕೂ ಬಾಗಿಲು ತೆರೆದು ಹಾಡು ಹಾಕಿದರು. ವಾಚರು ಬಂದ. ಬಾಟಲಿ ಇದೆಯಾ, ಪ್ಲಾಸ್ಟಿಕ್ ಇದೆಯಾ ಎಂದು ಡಿಕ್ಕಿ ನೋಡುವುದು ಅವನ ಕೆಲಸ, ನೋಡಿದ. ಅಷ್ಟರಲ್ಲಿ ತಲೆಯ ಮೇಲೆ ಹಳೇ ಕಲ್ಲಿದ್ದಲ ರೈಲು ಉಸಿರು ಬಿಟ್ಟ ಹಾಗೆ ಸದ್ದಾಯಿತು. "ಸಾರ್, ಒಂದ್ ಗಳಿಗೆ ಹಾಡು ನಿಲ್ಸಿ. ಮೇಲೆ ನೋಡಿ" ಎಂದ. ದೊಡ್ಡ ಮಂಗಟ್ಟೆ. ಹಳದಿ ಕೊಕ್ಕು, ಅದರ ಮೇಲೊಂದು ಟೊಪ್ಪಿಗೆ, ಅಗಲ ರೆಕ್ಕೆ. ಕಣಿವೆ ದಾಟಿ ಆಚೆ ಮಗ್ಗುಲಿಗೆ ಇಳಿಯಿತು.

ಆಮೇಲೆ ಅವನು ಯಾರೂ ಕೇಳದಿದ್ದರೂ ಹೇಳತೊಡಗಿದ. ಈಗ ಇವಕ್ಕೆ ಗೂಡಿನ ಕಾಲ. ಹೆಣ್ಣು ಹಳೇ ಮರದ ಪೊಟರೆಯೊಳಗೆ ಹೋಗಿ ಕೂತು, ತನ್ನದೇ ಹಿಕ್ಕೆಯನ್ನೂ ಹಣ್ಣಿನ ತಿರುಳನ್ನೂ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಗಂಡಿಗೆ ಏನಾದರೂ ಆದರೆ ಒಳಗಿದ್ದವರ ಪಾಡು ಕಷ್ಟ. ಆಗ ಬಂದದ್ದು ಆ ಹುಡುಗಿಯ ಪ್ರಶ್ನೆ. ಅವಳಪ್ಪ ನಾಚಿಕೊಂಡು "ಏಯ್" ಅಂದ. ವಾಚರು ನಗಲಿಲ್ಲ. "ಬಾಲ ಸೀಳಿಗೆ ತಿರುಗಿಸಿ ಹೊರಗೆ ಹಾರಿಸುತ್ತೆ ಪುಟ್ಟಾ. ಮನೆ ಒಳಗೆ ಗಲೀಜು ಮಾಡ್ಕೊಳಲ್ಲ. ಅದಕ್ಕೇ ಮರದ ಬುಡದಲ್ಲಿ ಬೀಜ ಬಿದ್ದಿರ್ತವೆ, ಸಸಿ ಎದ್ದಿರ್ತವೆ. ನಾವು ಗೂಡು ಹುಡುಕೋದು ಮೇಲೆ ನೋಡಿ ಅಲ್ಲ, ಕೆಳಗೆ ನೋಡಿ" ಎಂದ.

ಅರ್ಧ ಗಂಟೆ ಯಾರೂ ಹಾಡು ಹಾಕಲಿಲ್ಲ. ಮತ್ತೆರಡು ಕಾರಿನವರೂ ಬಂದು ಸೇರಿಕೊಂಡರು. ಧೂಪದ ಮರ ತೋರಿಸಿದ. ಬಲಗಿ ಮರದ ಬುಡದಲ್ಲಿ ಊರುಗೋಲು ಕೊಟ್ಟಂತೆ ನಿಂತ ಬೇರು ತೋರಿಸಿದ. ಆಮೇಲೆ ಗೇಟಿನ ಕಡೆ ಯಾರೋ ಹಾರ್ನ್ ಹೊಡೆದರು, ಅವನು ಓಡಿದ. ಮತ್ತೆ ಗಾಡಿ ನಂಬರು, ಮತ್ತೆ ಡಿಕ್ಕಿ, ಮತ್ತೆ ಬಾಟಲಿ.

ಆ ವಾಚರು ನನ್ನ ಹಳೇ ಶಿಷ್ಯ. ಏಕವಚನಕ್ಕೆ ಅದೇ ಕಾರಣ, ಬೇರೆ ಅರ್ಥ ಮಾಡಿಕೊಳ್ಳಬೇಡಿ. ವಿಜ್ಞಾನದಲ್ಲಿ ನಾನೇ ಅವನಿಗೆ ನೂರಕ್ಕೆ ಮೂವತ್ತೊಂದು ಕೊಟ್ಟು ಕೂರಿಸಿದ್ದೆ. ವಾಪಸು ಬರುವಾಗ ಆ ಅಂಕ ನೆನಪಾಗಿ, ಅವತ್ತಿನ ಪ್ರಶ್ನೆಪತ್ರಿಕೆಯಲ್ಲಿ ನಾನು ಕೇಳಿದ್ದಾದರೂ ಏನು ಎಂದು ಯೋಚಿಸಿದೆ. ಮಂಗಟ್ಟೆಯ ಬಗ್ಗೆ ಖಂಡಿತ ಕೇಳಿರಲಿಲ್ಲ.

ನನ್ನ ಅರಿಕೆ ಒಂದೇ. ಆ ಅರ್ಧ ಗಂಟೆಯನ್ನು ಅವನ ಕೆಲಸ ಎಂದು ಬರೆದುಕೊಡಿ.

ಈಗ ಅದು ಅವನ ಕೆಲಸವಲ್ಲ. ಮಾಡಿದರೆ ಮಾಡಿದ, ಬಿಟ್ಟರೆ ಬಿಟ್ಟ. ಮಾಡುವಾಗಲೂ ಸಾಹೇಬರು ಬಂದುಬಿಟ್ಟರೆ "ಏನಯ್ಯಾ ಹರಟೆ" ಎಂದಾರೆಂಬ ಅಂಜಿಕೆ. ಗಸ್ತು ಅರಣ್ಯ ಪಾಲಕರು, ವಾಚರುಗಳು, ಆನೆ ಓಡಿಸುವ ತಂಡದ ಹುಡುಗರು ದಿನಾ ಕಾಡು ನೋಡುವವರು. ಆದರೆ ಹೊರಗಿನವರು ಅವರ ಬಾಯಿಂದ ಕೇಳುವ ಮಾತು ಎರಡೇ: "ಗಾಡಿ ನಿಲ್ಸಿ", "ಅಲ್ಲಿಗೆ ಹೋಗೋಂಗಿಲ್ಲ". ಬೋರ್ಡುಗಳ ಕಥೆಯೂ ಇದೇ. ವ್ಯೂ ಪಾಯಿಂಟಿನಿಂದ ಹಿಡಿದು ಘಟ್ಟದ ಬುಡದ ಕುಲ್ಕುಂದದ ತನಕ ಎಣಿಸುತ್ತ ಇಳಿಯಿರಿ, ಎಲ್ಲ ಕೂಡದು, ಬೇಡ, ನಿಷೇಧ, ದಂಡ. ಬೇಕಾದ್ದೇ, ಒಪ್ಪುತ್ತೇನೆ. ಆದರೆ ಎದುರಿಗೆ ಕಾಣುವ ಬೆಟ್ಟದ ಹೆಸರೇನು ಎಂದು ಒಂದು ಬೋರ್ಡೂ ಹೇಳುವುದಿಲ್ಲ. ಕುಮಾರಪರ್ವತ, ಎಣ್ಣಿಕಲ್ಲು, ದೊಡ್ಡಬೆಟ್ಟ, ಪಟ್ಟಬೆಟ್ಟ ಎಂದು ಬೆರಳು ಮಾಡಿ ತೋರಿಸುವವರಿಲ್ಲದೆ ಜನ ಎಲ್ಲವನ್ನೂ ಒಟ್ಟಿಗೆ "ಬ್ಯಾಕ್‌ಗ್ರೌಂಡ್" ಎಂದು ಕರೆದು ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಿಂತದ್ದು ಹಾಸನ ಜಿಲ್ಲೆಯಲ್ಲಿ, ಎದುರಿಗಿರುವುದು ಕೊಡಗು, ಕೆಳಗೆ ಕಣಿವೆ ಇಳಿದರೆ ದಕ್ಷಿಣ ಕನ್ನಡ. ಕುಮಾರಪರ್ವತಕ್ಕೆ ಪುಷ್ಪಗಿರಿ ಎಂದೂ ಹೆಸರು. 1,712 ಮೀಟರ್ ಎತ್ತರದ ಆ ಪುಷ್ಪಗಿರಿಯ ಅಭಯಾರಣ್ಯ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ಇಷ್ಟು ಹೇಳಲು ಒಂದು ನಿಮಿಷ ಸಾಕು.

ಇನ್ನು ರಿಡ್ಜ್ ಕಲ್ಲು. ಈ ಸೀಮೆಯಲ್ಲಿ ನನಗೆ ಅತಿ ಪ್ರೀತಿಯ ಜಾಗ ಇದು. ಆದ್ದರಿಂದ ಸ್ವಲ್ಪ ಉದ್ದವಾದರೆ ಕ್ಷಮಿಸಿ. ನೋಡಲು ಏನೂ ಇಲ್ಲ. ಬ್ರಿಟಿಷರ ಕಾಲದ್ದೆನ್ನುವ ಒಂದು ಕಲ್ಲು, ಇಂಗ್ಲಿಷ್ ಅಕ್ಷರದಲ್ಲಿ ರಿಡ್ಜ್, ಅಂದರೆ ಬೆಟ್ಟದ ಬೆನ್ನು, ಎಂದು ಕೆತ್ತಿದೆ. ಒಂದು ಕಡೆಗೆ ಬೇ ಆಫ್ ಬೆಂಗಾಲ್, ಇನ್ನೊಂದು ಕಡೆಗೆ ಅರೇಬಿಯನ್ ಸೀ. ಅಷ್ಟೇ. ಕಾರಿನವರು ನಿಲ್ಲಿಸುವುದೇ ಇಲ್ಲ, ನಿಲ್ಲಿಸಿದವರು ಮೈಲಿಗಲ್ಲು ಎಂದುಕೊಂಡು ಮೂತ್ರಕ್ಕೆ ಕೂರುತ್ತಾರೆ.

ಮೇಷ್ಟ್ರಾಗಿದ್ದಾಗ ವರ್ಷಕ್ಕೊಮ್ಮೆ ಒಂಬತ್ತನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಒಂದು ಚೊಂಬು ನೀರು. ಕಲ್ಲಿನ ನೆತ್ತಿಯ ಮೇಲೆ ನಿಧಾನ ಸುರಿಯುವುದು. ಅರ್ಧ ನೀರು ಪಡುವಲಿಗೆ ಇಳಿಯಿತೆನ್ನಿ. ಅದು ತೊರೆ ಸೇರಿ, ಕುಮಾರಧಾರೆ ಸೇರಿ, ಕುಕ್ಕೆಯಲ್ಲಿ ಭಕ್ತರ ತಲೆ ತೋಯಿಸಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಕೈ ಹಿಡಿದು ಮಂಗಳೂರಿನ ಅಳಿವೆಗೆ ಹೋಗುತ್ತದೆ. ಇನ್ನರ್ಧ ಮೂಡಲಿಗೆ ಇಳಿದರೆ ಹೇಮಾವತಿ, ಗೊರೂರು ಅಣೆಕಟ್ಟೆ, ಕನ್ನಂಬಾಡಿ, ಕಾವೇರಿ, ತಮಿಳುನಾಡು, ಬಂಗಾಳಕೊಲ್ಲಿ. ಒಂದೇ ಚೊಂಬಿನ ನೀರು. "ಸಾ, ಹಂಗಾದ್ರೆ ಒಂದು ಹನಿ ಸರಿಯಾಗಿ ಮಧ್ಯಕ್ಕೆ ಬಿದ್ರೆ?" ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಗಾಳಿ ಬೀಸಿದ ಕಡೆಗೆ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ.

ಈಗ ಆ ಪಾಠಕ್ಕೆ ಇನ್ನೊಂದು ಅಧ್ಯಾಯ ಸೇರಿದೆ. ಇದೇ ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳದ ನೀರು ಪಡುವಲಿಗೆ ಹರಿಯುವಂಥದ್ದು. ಅದನ್ನು ತಡೆದು ಪಂಪಿನಿಂದ ಮೇಲೆತ್ತಿ ಮೂಡಲಿಗೆ, ಬಯಲುಸೀಮೆಯ ಜಿಲ್ಲೆಗಳಿಗೆ ಕಳಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳವನ್ನು ಈ ಪತ್ರಕ್ಕೆ ಎಳೆದು ತರುವುದಿಲ್ಲ. ನನ್ನ ಮನೆಯಲ್ಲೇ ಅದಕ್ಕೆ ಎರಡು ಪಕ್ಷ ಇದೆ. ಆದರೆ ನೀರು ಎತ್ತ ಹರಿಯಬೇಕೆಂದು ಕಲ್ಲಿನಲ್ಲಿ ಕೆತ್ತಿದ ಜಾಗದ ಹತ್ತಿರವೇ ನೀರನ್ನು ಇನ್ನೊಂದು ಕಡೆಗೆ ತಿರುಗಿಸಿದ ಕಥೆಯೂ ಇದೆಯಲ್ಲ, ಇದನ್ನು ಕೇಳದೆ ಹೋಗುವುದು ಎಷ್ಟು ನಷ್ಟ! ಕಲ್ಲಿನ ಹತ್ತಿರ ಶನಿವಾರ ಒಬ್ಬರು ಚೊಂಬು ಹಿಡಿದು ನಿಂತರೆ ಸಾಕು, ಕಾರು ತಾವಾಗೇ ನಿಲ್ಲುತ್ತವೆ.

ಇದೆಲ್ಲ ನನ್ನ ತಲೆಯಲ್ಲೇ ಹುಟ್ಟಿದ ಯೋಚನೆಯಲ್ಲ. ಮಗಳು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದಾಳೆ. ಬಾಣಂತನಕ್ಕೆಂದು ಹೆಂಡತಿ ಹೋದಳು, ಲಗೇಜು ಹೊರಲು ನಾನು. ಅಲ್ಲೊಂದು ಘಟ್ಟದ ರಸ್ತೆ ಇದೆ, ಬ್ಲೂ ರಿಡ್ಜ್ ಪಾರ್ಕ್‌ವೇ. ಹೆಸರಿನಲ್ಲಿ ರಿಡ್ಜ್ ಕಂಡೊಡನೆ ನಮ್ಮ ಕಲ್ಲು ನೆನಪಾಗಿ ನಗು ಬಂತು. 469 ಮೈಲಿ, ಅಂದರೆ ಸುಮಾರು 755 ಕಿಲೋಮೀಟರ್, ಬೆಟ್ಟದ ಬೆನ್ನ ಮೇಲೇ ಹೋಗುತ್ತದೆ. 1935ರಲ್ಲಿ ಕೆಲಸ ಶುರುವಾಗಿ ಪೂರ್ತಿ ಮುಗಿದದ್ದು 1987ರಲ್ಲಿ. ನಮ್ಮ ಕಾಮಗಾರಿಗಳನ್ನು ಬೈಯುವವರಿಗೆ ಈ ಲೆಕ್ಕ ಆಗಾಗ ಹೇಳುತ್ತಿರುತ್ತೇನೆ. ಸರಕಿನ ಲಾರಿಗೆ ಪ್ರವೇಶವಿಲ್ಲ. ವೇಗ ಗಂಟೆಗೆ 45 ಮೈಲಿ ಮೀರುವಂತಿಲ್ಲ. ಊರಿಂದೂರಿಗೆ ಬೇಗ ಮುಟ್ಟಿಸಲಿಕ್ಕೆ ಕಟ್ಟಿದ ರಸ್ತೆಯೇ ಅಲ್ಲ ಅದು.

ಒಂದು ಸಂಜೆ ರಸ್ತೆ ಪಕ್ಕದ ಬಯಲಿನಲ್ಲಿ ಮರದ ದಿಮ್ಮಿಗಳ ಮೇಲೆ ಹದಿನೈದು ಇಪ್ಪತ್ತು ಜನ ಕೂತಿದ್ದರು. ಅಗಲ ಅಂಚಿನ ಟೋಪಿ ಹಾಕಿದ ಹೆಣ್ಣುಮಗಳೊಬ್ಬಳು ಎದುರು ನಿಂತು ಮಾತಾಡುತ್ತಿದ್ದಳು. ರೇಂಜರ್ ಅಂತೆ. ನಮ್ಮಲ್ಲಿ ರೇಂಜರ್ ಎಂದರೆ ವಲಯ ಅರಣ್ಯಾಧಿಕಾರಿ, ಜೀಪಿನಿಂದ ಇಳಿದರೆ ಎದ್ದು ನಿಲ್ಲಬೇಕು. ಅಲ್ಲಿ ಜನರ ಮುಂದೆ ಕಥೆ ಹೇಳುವವರೂ ರೇಂಜರೇ, ಅದೇ ಅವರ ನೌಕರಿ. ಟಿಕೆಟ್ಟಿಲ್ಲ, ಮೈಕಿಲ್ಲ, ಹಾರ ತುರಾಯಿ ಮೊದಲೇ ಇಲ್ಲ. ಅವಳು ಹೇಳಿದ್ದು ಚೆಸ್ಟ್‌ನಟ್ ಎಂಬ ಮರದ ಕಥೆ. ಆ ಬೆಟ್ಟಗಳ ತುಂಬ ಅದೇ ಮರವಿತ್ತಂತೆ. ಅದರ ಕಾಯಿ ತಿಂದು ಹಂದಿ ಕೊಬ್ಬುತ್ತಿತ್ತು, ಅದರ ಹಲಗೆಯಲ್ಲಿ ಮನೆ, ತೊಟ್ಟಿಲು, ಶವಪೆಟ್ಟಿಗೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಹೊರಗಿನಿಂದ ಬಂದ ಒಂದು ಶಿಲೀಂಧ್ರ ಮೊದಲು ಕಣ್ಣಿಗೆ ಬಿತ್ತು. ಐವತ್ತು ವರ್ಷದೊಳಗೆ ಕೋಟಿಗಟ್ಟಲೆ ಮರ ಒಣಗಿ ಹೋದವು. "ನೀವು ದಾರಿಯುದ್ದಕ್ಕೂ ನೋಡಿದ ಹಳೇ ಬೇಲಿಯಿದೆಯಲ್ಲ, ಅದರ ಸೀಳು ಮರ ಇದೇ" ಎಂದಳು. ಆಮೇಲೆ ಎಲ್ಲರೂ ಎದ್ದು ಹೋಗಿ ಆ ಬೇಲಿಯನ್ನು ಮುಟ್ಟಿ ನೋಡಿದೆವು. ನಾನೂ ಮುಟ್ಟಿದೆ. ಅದುವರೆಗೆ ಆ ಬೇಲಿಯನ್ನು ನಾಲ್ಕು ಸಲ ದಾಟಿದ್ದೆ, ಕಂಡಿರಲಿಲ್ಲ.

ನನಗೆ ನೆನಪಾದದ್ದು ನಮ್ಮ ಏಲಕ್ಕಿ. ನನ್ನ ಅಜ್ಜನ ಕಾಲಕ್ಕೆ ಹೆತ್ತೂರು ಕಡೆಯ ಮಲೆಗಳಲ್ಲಿ ಏಲಕ್ಕಿಯೇ ಲಕ್ಷ್ಮಿ. ಕಟ್ಟೆ ರೋಗ ಬಂತು. ಹೇನಿನಂಥ ಸಣ್ಣ ಹುಳ ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ವೈರಸ್ ರೋಗ ಅದು. ಎಲೆಯಲ್ಲಿ ತಿಳಿಹಸಿರು ಗೆರೆ ಮೂಡಿತೆಂದರೆ ಬುಡಸಮೇತ ಕಿತ್ತು ಸುಡುವುದೊಂದೇ ದಾರಿ. ಮನೆಮನೆಯಲ್ಲೂ ಅಜ್ಜಂದಿರು ಕಿತ್ತರು, ಸುಟ್ಟರು, ಕೊನೆಗೆ ಕಾಫಿ ಹಾಕಿದರು. ಬಿಸಿಲೆ ದಾರಿಯಲ್ಲಿ ಈ ಕಥೆ ಹೇಳಲು ಯಾವ ಟೋಪಿಯೂ ಬೇಡ, ನಮ್ಮ ಸೀಮೆಯ ಯಾವ ಗಾರ್ಡಿನ ಅಪ್ಪನನ್ನು ಕೇಳಿದರೂ ಹೇಳುತ್ತಾನೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನನಗೆ ಗೊತ್ತು. "ಮೇಷ್ಟ್ರೆ, ಅಮೆರಿಕದಲ್ಲಿ ಕಾಡಾನೆ ಇಲ್ಲ." ನಿಜ. ಆಲೂರು, ಸಕಲೇಶಪುರ, ಬೇಲೂರು ಸುತ್ತ ನಿಮ್ಮ ಸಿಬ್ಬಂದಿ ರಾತ್ರಿಯಿಡೀ ಆನೆ ಹಿಂದೆ ತಿರುಗಿ ಬೆಳಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬರುವುದನ್ನು ನಾವು ದಿನವೂ ನೋಡುತ್ತೇವೆ. ಆನೆ ಎಲ್ಲಿದೆ ಎಂದು ಅವರು ಕಳಿಸುವ ಸಂದೇಶ ನೋಡಿಕೊಂಡೇ ನಮ್ಮ ಆಳುಗಳು ತೋಟಕ್ಕಿಳಿಯುವುದು. ಅಂಥವರನ್ನು ಭಾನುವಾರ ಬೆಳಗ್ಗೆ ನಿಲ್ಲಿಸಿ ಪ್ರವಾಸಿಗರಿಗೆ ಕಥೆ ಹೇಳು ಎಂದರೆ ಅದು ಅನ್ಯಾಯ. ಹಾಗಾಗಿ ನಾನು ಎಲ್ಲರನ್ನೂ ಕೇಳುತ್ತಿಲ್ಲ. ಪ್ರತಿ ವಲಯದಲ್ಲೂ ಮಾತು ಬಲ್ಲವರು ಇಬ್ಬರೋ ಮೂವರೋ ಇದ್ದೇ ಇರುತ್ತಾರೆ. ಕಾಲಿಗೆ ಪೆಟ್ಟಾಗಿ ಗೇಟು ಕಾಯಲು ಹಾಕಿದವರಿದ್ದಾರೆ, ನಿವೃತ್ತಿಗೆ ಎರಡು ವರ್ಷ ಉಳಿದವರಿದ್ದಾರೆ, ನಿವೃತ್ತಿಯಾಗಿ ಮನೆಯಲ್ಲಿ ಸೊಸೆಯ ಕೈಲಿ ಬೈಸಿಕೊಳ್ಳುತ್ತ ಕೂತವರಿದ್ದಾರೆ. ಅವರನ್ನು ಕರೆಯಿರಿ. ಆದರೆ ಬಿಟ್ಟಿ ಬೇಡ. ಆ ಗಂಟೆಗೆ ಇಷ್ಟು ಎಂದು ಕೂಲಿ ಕಟ್ಟಿ, ಹಾಜರಿ ಪುಸ್ತಕದಲ್ಲಿ ಬರೆಯಿರಿ. ದಿನಗೂಲಿ ಲೆಕ್ಕದಲ್ಲಿ ಬದುಕುವವನಿಗೆ "ಸೇವಾಭಾವ" ಎಂಬ ಮಾತು ಊಟ ಹಾಕುವುದಿಲ್ಲ.

ಎರಡನೆಯ ಆಕ್ಷೇಪ: ಜನ ಇನ್ನೂ ಹೆಚ್ಚು ಬಂದಾರು. 2024ರ ಜನವರಿ ಕೊನೆಯಲ್ಲಿ ಎದುರಿನ ಕುಮಾರಪರ್ವತಕ್ಕೆ ಜನ ಜಾತ್ರೆಯಂತೆ ಮುಗಿಬಿದ್ದು, ಆನ್‌ಲೈನ್ ವ್ಯವಸ್ಥೆ ಆಗುವ ತನಕ ಚಾರಣಕ್ಕೇ ತಡೆ ಬಿದ್ದದ್ದನ್ನು ಮರೆತಿಲ್ಲ. ಪಕ್ಕದ ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿಗೆ ಗಾಡಿ ಬಿಡಲು ಮುಂಗಡ ನೋಂದಣಿ, ಹೊತ್ತಿಗಿಷ್ಟು ಎಂಬ ಮಿತಿ ಬಂದಿದೆ. ನಾನು ಕೇಳುತ್ತಿರುವುದು ಹೊಸ ಜನರನ್ನು ಕರೆತರುವ ಉತ್ಸವವನ್ನಲ್ಲ. ಹೇಗೂ ಬಂದು ನಿಂತವರು, ಹೇಗೂ ಹತ್ತು ನಿಮಿಷ ಸುಮ್ಮನೆ ಕಳೆಯುವವರು, ಅವರಿಗೆ ಮಾತ್ರ. ಇಪ್ಪತ್ತು ಜನ ದಾಟಿದರೆ ಮುಂದಿನ ಗಂಟೆಗೆ ಬನ್ನಿ ಎನ್ನಿ. ಪೋಸ್ಟರ್ ಬೇಡ, ರೀಲ್ಸ್ ಮಾಡುವವರಿಗೆ ಆಮಂತ್ರಣ ಬೇಡ, ದಯವಿಟ್ಟು ಉದ್ಘಾಟನೆಯೂ ಬೇಡ. ಟೇಪು ಕತ್ತರಿಸಲು ಶಾಮಿಯಾನ ಹಾಕಿದ ದಿನ ಮಂಗಟ್ಟೆ ಬರುವುದಿಲ್ಲ.

ತಿಳಿಯದವರಿಗೆ ಹೇಳದೆ ಇರುವುದರಿಂದ ಆಗುವ ಅನಾಹುತವನ್ನು ನಾನೇ ಒಮ್ಮೆ ಅನುಭವಿಸಿದ್ದೇನೆ. ಎರಡು ವರ್ಷದ ಹಿಂದೆ ನಮ್ಮಲ್ಲಿ ಉಳಿದಿದ್ದ ನಾಲ್ವರು ಹುಡುಗರು ಮೊಬೈಲಿನಲ್ಲಿ ಯಾವುದೋ ಝರಿ ನೋಡಿ, ನನಗೂ ಹೇಳದೆ ಬೆಳಗಿನ ಜಾವ ಹೊರಟರು. ಜಾಗದ ಹೆಸರು ಬೇಡ, ಈಗಾಗಲೇ ಅಲ್ಲಿಗೆ ಸಾಕಷ್ಟು ಜನ ಹೋಗುತ್ತಾರೆ. ಹಿಂದಿನ ರಾತ್ರಿ ಮೇಲೆಲ್ಲೋ ಮಳೆಯಾಗಿತ್ತು. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಗೆ ತಿರುಗಿತಂತೆ. ನಮ್ಮ ಕಡೆಯ ದನ ಕಾಯುವ ಹುಡುಗನೂ ನೀರಿನ ಬಣ್ಣ ಬದಲಾಯಿತೆಂದರೆ ಮೇಲಿಂದ ಪ್ರವಾಹ ಬಂತೆಂದು ತಿಳಿದು ದಡ ಹತ್ತುತ್ತಾನೆ. ಇವರಿಗೆ ಅದು ಗೊತ್ತಿಲ್ಲ, "ಎಷ್ಟು ಚೆಂದ ಕಲರ್" ಎಂದು ಫೋಟೊ ತೆಗೆಯುತ್ತ ನಿಂತರು. ಒಬ್ಬನ ಕಾಲು ಮುರಿಯಿತು. ಬಂಡೆಗೆ ತಾಗಿ ನಿಂತದ್ದಕ್ಕೆ ಪ್ರಾಣ ಉಳಿಯಿತು. ಹೊತ್ತು ತಂದದ್ದು ಅದೇ ನನ್ನ ಶಿಷ್ಯ ಮತ್ತು ಇನ್ನಿಬ್ಬರು ವಾಚರುಗಳು, ಕಂಬಳಿಗೆ ಎರಡು ಗಳ ಕಟ್ಟಿಕೊಂಡು. ಹಿಂದಿನ ಸಂಜೆ ಊಟಕ್ಕೆ ಕೂತಾಗ ನೀರಿನ ಬಣ್ಣದ ಮಾತನ್ನು ನಾನಾದರೂ ಆಡಬಹುದಿತ್ತು. ನಾನು ಆಡಿದ್ದು ವೈಫೈ ಪಾಸ್‌ವರ್ಡಿನ ಬಗ್ಗೆ.

ಬೆಟ್ಟ ಜಾರುವ ವಿಷಯವೂ ಹಾಗೇ. 2024ರ ಜುಲೈನಲ್ಲಿ ಶಿರಾಡಿ ಹೆದ್ದಾರಿಯ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದು ಗಾಡಿಗಳು ನಿಂತವು, ಅದೇ ತಿಂಗಳು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಹೋಯಿತು. ಎರಡು ತಿಂಗಳಾದ ಮೇಲೆ ಮಗಳ ಫೋನು: ಹೆಲೀನ್ ಎಂಬ ಚಂಡಮಾರುತಕ್ಕೆ ಆ ಬ್ಲೂ ರಿಡ್ಜ್ ರಸ್ತೆಯೂ ಅಲ್ಲಲ್ಲಿ ಕುಸಿದು ಮುಚ್ಚಿದೆ, ನಾವು ಕಥೆ ಕೇಳಿದ ದಾರಿಗೂ ಹೋಗುವ ಹಾಗಿಲ್ಲ ಎಂದು. ಅತಿ ಮಳೆ ಎಲ್ಲ ಬೆಟ್ಟಕ್ಕೂ ಒಂದೇ. ಕಡಿದಾದ ಇಳಿಜಾರಿನ ಬುಡ ಕಡಿದರೆ ಏನಾಗುತ್ತದೆ, ನೀರು ಇಂಗುವ ದಾರಿ ಎಲ್ಲಿ ಕಟ್ಟಿಕೊಂಡಿತು ಎಂಬುದನ್ನು ಘಟ್ಟದ ದಾರಿಯಲ್ಲೇ ನಿಂತು ತೋರಿಸಿದರೆ ಇಂಜಿನಿಯರ್ ಆಗದವರಿಗೂ ತಿಳಿಯುತ್ತದೆ. ಆಗ ಶಿರಾಡಿ ಬಂದ್ ಎಂದು ಸುದ್ದಿ ಬಂದಾಗ ಬೈಯುವವರು ಸ್ವಲ್ಪ ಕಡಿಮೆಯಾಗುತ್ತಾರೆ.

ಕಾಡಿನ ಮಾತಷ್ಟೇ ಅಲ್ಲ, ಚರಿತ್ರೆಯೂ ಈ ದಾರಿಗಳಲ್ಲಿ ಬಿದ್ದಿದೆ. ಸಕಲೇಶಪುರದಿಂದ ದೋಣಿಗಲ್ ದಾಟುವಾಗ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಡ್ರೋನಿನಲ್ಲಿ ತೆಗೆದ ಅದರ ಫೋಟೊ ಎಲ್ಲರ ಮೊಬೈಲಿನಲ್ಲೂ ಇದೆ, ಆದರೆ ಗೋಡೆಯೇಕೆ ನಕ್ಷತ್ರದಂತೆ ಮಡಿಚಿಕೊಂಡಿದೆ ಎಂದು ಕೇಳಿದರೆ "ಶೋಗೆ" ಎನ್ನುತ್ತಾರೆ. ಫಿರಂಗಿ ಗುಂಡು ನೇರ ಬಡಿಯದಿರಲಿ, ಒಂದು ಮೂಲೆಯ ಬುಡಕ್ಕೆ ಬಂದ ಶತ್ರುವಿಗೆ ಪಕ್ಕದ ಮೂಲೆಯಿಂದ ಗುಂಡು ಹೊಡೆಯಲಾಗಲಿ ಎಂಬ ಯುರೋಪಿನ ಲೆಕ್ಕಾಚಾರ ಅದು. ಕೋಟೆ ನಿಂತ ಹತ್ತೇ ವರ್ಷಕ್ಕೆ, 1802ರ ಜನವರಿಯಲ್ಲಿ, ಆಗ ಬಲಂ ಎನ್ನುತ್ತಿದ್ದ ಇದೇ ಸೀಮೆಯ ಪಾಳೆಗಾರನ ಮೇಲೆ ಕಂಪನಿಯ ದಂಡು ತಂದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ. ಪಾಳೆಗಾರನನ್ನು ಹಿಡಿದು ನೇಣಿಗೆ ಹಾಕಿದರು. ನೆಪೋಲಿಯನ್ನನ ಮೊದಲು ವೆಲ್ಲೆಸ್ಲಿ ನಮ್ಮ ಕಾಡಿನಲ್ಲಿ ಪರದಾಡಿದ್ದ ಎಂದು ಹೇಳಿದಾಗ ಮಕ್ಕಳ ಮುಖ ನೋಡಬೇಕು ನೀವು.

ಬಿಸಿಲೆ ಘಟ್ಟಕ್ಕೆ ನಮ್ಮ ಮನೆಯ ಕಥೆಯೂ ಒಂದಿದೆ. ಷಷ್ಠಿಯ ಹೊತ್ತಿಗೆ ಕೆಳಗೆ ಕುಲ್ಕುಂದದಲ್ಲಿ ದನಗಳ ಜಾತ್ರೆ. ಅಜ್ಜ ಅಲ್ಲಿ ಎತ್ತಿನ ಜೋಡಿ ಕೊಂಡು ಈ ಘಟ್ಟವನ್ನು ನಡೆದೇ ಹತ್ತಿಸಿದ್ದ. ಹುಲಿಗೆ ಹೆದರಿ ರಾತ್ರಿಯಿಡೀ ಬೆಂಕಿ ಹಾಕಿಕೊಂಡು ಕೂತಿದ್ದನಂತೆ. ಬೆಳಗಾದ ಮೇಲೆ ನೋಡಿದರೆ ಪಂಚೆಯೆಲ್ಲ ರಕ್ತ. ಹುಲಿ ಅಲ್ಲ, ಇಂಬಳ, ಅಂದರೆ ಕಾಡಿನ ಜಿಗಣೆ. ನಮ್ಮ ತಂದೆ ಈ ಕಥೆಯನ್ನು ಸಾಯುವವರೆಗೂ ಹೇಳುತ್ತಿದ್ದರು, ಪ್ರತಿ ಸಲವೂ ರಕ್ತ ಸ್ವಲ್ಪ ಹೆಚ್ಚಾಗುತ್ತಿತ್ತು.

ಇನ್ನು ಅರ್ಜುನ. ಎಂಟು ವರ್ಷ ಮೈಸೂರಿನಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ 2023ರ ಡಿಸೆಂಬರ್ 4ರಂದು ಸತ್ತದ್ದು ನಮ್ಮ ಯಸಳೂರು ಕಡೆಯ ದಬ್ಬಳ್ಳಿಕಟ್ಟೆಯ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಸಲಗದ ದಂತದ ತಿವಿತಕ್ಕೆ. ಮಣ್ಣಾದದ್ದೂ ಅಲ್ಲೇ. ಈಗಲೂ ಜನ ಬಂದು ಬಾಳೆಹಣ್ಣು, ಬೆಲ್ಲ ಇಟ್ಟು ಕೈಮುಗಿದು ಅಳುತ್ತಾರೆ. ಆದರೆ ಆ ಕಾರ್ಯಾಚರಣೆ ಯಾಕೆ ನಡೆಯಿತು, ಕಾಡಾನೆ ತೋಟಕ್ಕೆ ಯಾಕೆ ಬರುತ್ತದೆ, ಮದವೇರಿದ ಸಲಗ ಎಂದರೆ ಏನು, ಒಂದು ಆನೆಗೆ ಅದು ಎಲ್ಲಿದೆ ಎಂದು ತಿಳಿಸುವ ರೇಡಿಯೊ ಕಾಲರ್ ಹಾಕಲು ಎಷ್ಟು ಜನ ಜೀವ ಪಣಕ್ಕಿಡುತ್ತಾರೆ, ಇದನ್ನು ಅಲ್ಲಿ ನಿಂತು ಹೇಳುವವರಿಲ್ಲ. ಹೇಳುವವರು ಸಿಕ್ಕರೆ ಅಳುವವರ ಅಳು ಬೇರೆ ಥರ ಆಗುತ್ತದೆ. ಕಾವಾಡಿಯೊಬ್ಬರು ತಿಂಗಳಿಗೊಮ್ಮೆ ಬಂದು ಅರ್ಧ ಗಂಟೆ ಕೂತರೂ ಆದೀತು. ಒತ್ತಾಯ ಬೇಡ. ಕೆಲವರಿಗೆ ಆ ದಿನದ ಮಾತು ಇನ್ನೂ ಗಂಟಲಲ್ಲೇ ಇದೆ.

ಇಲಾಖೆಯಲ್ಲಿ ಇದಕ್ಕೆ ದಾರಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 'ಚಿಣ್ಣರ ವನದರ್ಶನ'ದಲ್ಲಿ ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ದದ್ದನ್ನು ಕಣ್ಣಾರೆ ಕಂಡಿದ್ದೇನೆ, ಮಕ್ಕಳು ತಿಂಗಳುಗಟ್ಟಲೆ ಅದನ್ನೇ ಮಾತಾಡುತ್ತಿದ್ದವು. ಜಂಗಲ್ ಲಾಡ್ಜಸ್‌ನವರ ರೆಸಾರ್ಟುಗಳಲ್ಲಿ ಪ್ರಕೃತಿ ತಜ್ಞರು ಇರುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ಅಲ್ಲಿ ಉಳಿಯುವ ಶಕ್ತಿ ಇದ್ದವರಿಗೆ ಅದು ಸಿಗುತ್ತದೆ. ರಸ್ತೆ ಬದಿಯಲ್ಲಿ ಬುತ್ತಿ ಬಿಚ್ಚಿ ಪುಳಿಯೋಗರೆ ತಿನ್ನುವ, ಟೆಂಪೊದಲ್ಲಿ ಕುಕ್ಕೆಗೆ ಹೊರಟ ಹೊಳೆನರಸೀಪುರದ ಸಂಸಾರಕ್ಕೆ ಸಿಗುವುದಿಲ್ಲ. ಮೊದಲು ಕೇಳಿಸಿಕೊಳ್ಳಬೇಕಾದವರು ಅವರು. ಹೇಮಾವತಿ ನೀರು ಕುಡಿಯುವವರೂ ಅವರೇ.

ಹೇಗೆ ಮಾಡುವುದೆಂದು ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಆದರೂ ಮೇಷ್ಟ್ರ ಚಟ ಬಿಡುವುದಿಲ್ಲ. ತರಬೇತಿ ಎಂದು ಮೂರು ದಿನ ಹಾಲಿನಲ್ಲಿ ಕೂರಿಸಿ ಪ್ರೊಜೆಕ್ಟರ್ ತೋರಿಸಬೇಡಿ. ಅವರಿಗೆ ಗೊತ್ತಿರುವುದು ಅವರ ಮಾತಿನಲ್ಲೇ ಬರಲಿ. ಲ್ಯಾಟಿನ್ ಹೆಸರು ಉರು ಹೊಡೆಸಿದರೆ ನನ್ನ ಶಿಷ್ಯ ಮತ್ತೆ ಮೂವತ್ತೊಂದಕ್ಕೆ ಇಳಿಯುತ್ತಾನೆ. ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಎನ್ನಲು ಮಾತ್ರ ಕಲಿಸಿ. ಬೇಕಿದ್ದರೆ ಒಂದು ಜೊತೆ ಒಳ್ಳೆಯ ದುರ್ಬೀನು ಕೊಡಿ, ಸರದಿಯಲ್ಲಿ ಎಲ್ಲ ಮಕ್ಕಳೂ ನೋಡುವ ಹಾಗೆ. ಮಳೆಗಾಲದ ನಾಲ್ಕು ತಿಂಗಳು ಇದೆಲ್ಲ ಆಗದು. ಬಿಸಿಲೆಯ ಮಳೆಯಲ್ಲಿ ಪಕ್ಕದವನು ಕೂಗಿದ್ದೂ ಕೇಳುವುದಿಲ್ಲ. ಅಕ್ಟೋಬರಿನಿಂದ ಶುರು ಮಾಡಿ ಮೇ ಹೊತ್ತಿಗೆ ನಿಲ್ಲಿಸಿದರೆ ಸರಿ. ಶನಿವಾರ ರಿಡ್ಜ್ ಕಲ್ಲು, ಭಾನುವಾರ ಬೆಳಗ್ಗೆ ವ್ಯೂ ಪಾಯಿಂಟು. ಒಂದು ವರ್ಷ ನೋಡಿ. ಆಗಲಿಲ್ಲವೆಂದರೆ ನಿಲ್ಲಿಸಿ, ನಾನು ಇನ್ನೊಂದು ಪತ್ರ ಬರೆಯುವುದಿಲ್ಲ.

ಮೊದಲ ಶನಿವಾರಕ್ಕೆ ಚೊಂಬು ನನ್ನದು. ಕಾಫಿಯೂ ನಮ್ಮ ಮನೆಯದೇ, ದೊಡ್ಡ ಫ್ಲಾಸ್ಕಿನಲ್ಲಿ ತರುತ್ತೇನೆ. ಇಂಬಳಕ್ಕೆ ನಶ್ಯದ ಡಬ್ಬಿಯೂ ಇರುತ್ತದೆ. ನೀವೂ ಬನ್ನಿ, ಜೀಪು ಸ್ವಲ್ಪ ದೂರದಲ್ಲೇ ನಿಲ್ಲಿಸಿ ನಡೆದು ಬನ್ನಿ, ಇಲ್ಲದಿದ್ದರೆ ಹುಡುಗ ಸೆಲ್ಯೂಟ್ ಹೊಡೆಯಲು ಹೋಗಿ ಮಾತು ಮರೆತುಬಿಡುತ್ತಾನೆ.

ಇಂತಿ ನಿಮ್ಮ ವಿಶ್ವಾಸಿ,
ಹೆತ್ತೂರು ಸೀಮೆಯ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು